ಕೊಡುವ ಕೈಗೆ ಕಟ್ಟಳೆ ಬೇಕೇ?

“ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂಬ ಗಾದೆಯನ್ನು ಕೇಳದ ಮನೆ ನಮ್ಮಲ್ಲಿ ಇಲ್ಲ. ಹಿರಿಯರು ಸಂಸಾರದ ಮೊದಲ ಪಾಠವೆಂದು ಮಕ್ಕಳಿಗೆ ಹೇಳಿಕೊಟ್ಟದ್ದು ಇದನ್ನೇ. ಒಂದು ಮನೆಗೆ, ಒಂದು ಅಂಗಡಿಗೆ ಈ ಮಾತು ಚೆನ್ನಾಗಿಯೇ ಹೊಂದುತ್ತದೆ. ಅಲ್ಲಿ ಹಾಸಿಗೆಯೂ ನಮ್ಮದು, ಕಾಲೂ ನಮ್ಮದು. ಆದರೆ ರಾಜ್ಯದ ಬೊಕ್ಕಸದ ವಿಷಯ ಬಂದಾಗ ಹಾಸಿಗೆ ನೇಯುವವರು ಒಬ್ಬರು, ಅದರ ಮೇಲೆ ಕಾಲು ಚಾಚುವವರು ಇನ್ನೊಬ್ಬರು, ಹರಿದಾಗ ಹೊಲಿಯಬೇಕಾದವರು ಇನ್ನೂ ಹುಟ್ಟದವರು. ಹೀಗಿರುವಾಗ ಸರ್ಕಾರದ ಖರ್ಚಿಗೆ ಮಿತಿ ಬೇಕೇ, ಬೇಕಾದರೆ ಅದನ್ನು ಹಾಕುವ ಹಕ್ಕು ಯಾರಿಗೆ, ಹಾಕುವವರು ಯಾವ ಧರ್ಮವನ್ನು ಪಾಲಿಸಬೇಕು ಎಂಬುದು ಬರಿಯ ರಾಜಕೀಯದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಭೂಮಿಯನ್ನೋ ತಕ್ಕಡಿಯನ್ನೋ ನಂಬಿ ಬಾಳುತ್ತಿರುವ ನಮ್ಮ ಭಕ್ತ ಬಾಂಧವರು ಇದನ್ನು ಸಮಾಧಾನದಿಂದ ಚಿಂತಿಸಬೇಕೆಂಬುದು ಈ ಲೇಖನದ ಉದ್ದೇಶ.

ಸಂತೆಯಲ್ಲಿ, ಮಂಡಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಇಂದು ಕೇಳಿಬರುವ ಒಂದು ದೂರು ಎಲ್ಲರಿಗೂ ಗೊತ್ತು. ಸರ್ಕಾರ ಎಲ್ಲವನ್ನೂ ‘ಇಲವಸಂ’ ಎಂದು ಹಂಚುತ್ತಿದೆ, ದುಡಿಯುವವರು ಕಡಿಮೆಯಾದರು, ಸಾಲ ಬೆಳೆಯಿತು, ಇದಕ್ಕೊಂದು ಲಗಾಮು ಬೇಕು ಎನ್ನುವುದೇ ಆ ದೂರು. ಇದರಲ್ಲಿ ಸತ್ಯವಿಲ್ಲದೆ ಇಲ್ಲ. ೨೦೨೧ರ ಆಗಸ್ಟ್ ೯ರಂದು ಅಂದಿನ ಹಣಕಾಸು ಸಚಿವ ಪಳನಿವೇಲ್ ತ್ಯಾಗರಾಜನ್ ಅವರು ತಮಿಳುನಾಡಿನ ಹಣಕಾಸಿನ ಸ್ಥಿತಿಯ ಬಗ್ಗೆ ಶ್ವೇತಪತ್ರ ಹೊರಡಿಸಿದರು. ರಾಜ್ಯದ ಸಾಲವನ್ನು ಕುಟುಂಬಗಳಿಗೆ ಹಂಚಿದರೆ ಒಂದೊಂದು ಕುಟುಂಬದ ತಲೆಯ ಮೇಲೆ ೨,೬೩,೯೭೬ ರೂಪಾಯಿ ಬೀಳುತ್ತದೆ ಎಂದು ಆಗ ತಿಳಿಸಲಾಯಿತು. ಆ ಸಾಲಪತ್ರಕ್ಕೆ ನಮ್ಮಲ್ಲಿ ಯಾರೂ ರುಜು ಹಾಕಿಲ್ಲ. ಆದರೂ ಬಡ್ಡಿ ನಮ್ಮ ತೆರಿಗೆಯಿಂದಲೇ ಹೋಗುತ್ತದೆ. ಅದಕ್ಕಿಂತಲೂ ಯೋಚಿಸಬೇಕಾದ ಸಂಗತಿಯೆಂದರೆ, ೨೦೧೩-೧೪ರಿಂದ ಆಚೆಗೆ ರಾಜ್ಯವು ದಿನನಿತ್ಯದ ಖರ್ಚಿಗೇ ಸಾಲ ಮಾಡುವ ಸ್ಥಿತಿಗೆ ಬಂದಿತ್ತು ಎಂಬುದು. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನಗಳನ್ನು ತೆರಿಗೆಯ ಆದಾಯದಿಂದ ತೀರಿಸಲಾಗದೆ ಸಾಲದಿಂದ ತೀರಿಸಿದರೆ ಅದಕ್ಕೆ ವರಮಾನದ ಕೊರತೆ ಎನ್ನುತ್ತಾರೆ. ಅಂಗಡಿಯ ಲೆಕ್ಕ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಮತದಾರರೇ ನಿಂತು ಸರ್ಕಾರದ ಕೈಗೆ ಕಟ್ಟಳೆ ಹಾಕಬಹುದೇ? ಬೇರೆ ದೇಶಗಳಲ್ಲಿ ಹಾಕಿದ್ದುಂಟು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಜನರು ಸಹಿ ಸಂಗ್ರಹಿಸಿ ಒಂದು ಪ್ರಸ್ತಾವವನ್ನು ನೇರವಾಗಿ ಮತಕ್ಕೆ ಇಡಬಹುದು. ಅಲ್ಲಿ ೧೯೭೮ರ ಜೂನ್‌ನಲ್ಲಿ ‘೧೩ನೇ ಪ್ರಸ್ತಾವ’ ಎಂಬುದನ್ನು ಮತದಾರರು ಭಾರೀ ಬಹುಮತದಿಂದ ಒಪ್ಪಿದರು. ಮನೆ ಜಮೀನುಗಳ ಮೇಲಿನ ತೆರಿಗೆ ಬೆಲೆಯ ನೂರಕ್ಕೆ ಒಂದನ್ನು ಮೀರಬಾರದು, ಆ ಬೆಲೆಯನ್ನು ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಏರಿಸಬಾರದು ಎಂಬುದು ಅದರ ಸಾರ. ಮರುವರ್ಷ ೧೯೭೯ರ ನವೆಂಬರ್‌ನಲ್ಲಿ ಖರ್ಚಿಗೂ ಮಿತಿ ಬಂತು. ಜನಸಂಖ್ಯೆ ಎಷ್ಟು ಬೆಳೆಯಿತು, ಜೀವನವೆಚ್ಚ ಎಷ್ಟು ಏರಿತು ಎಂದು ನೋಡಿ ಅಷ್ಟೇ ಪ್ರಮಾಣದಲ್ಲಿ ಸರ್ಕಾರದ ಖರ್ಚು ಬೆಳೆಯಬೇಕು. ಮಿಕ್ಕ ಹಣ ಜನರಿಗೆ ಹಿಂದಿರುಗಬೇಕು. ೧೯೮೭ರಲ್ಲಿ ಹೀಗೆ ನೂರು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ತೆರಿಗೆ ಕೊಟ್ಟವರಿಗೆ ಹಿಂದಿರುಗಿಸಲಾಯಿತು. ಕೊಲೊರಾಡೊ ರಾಜ್ಯದವರು ೧೯೯೨ರಲ್ಲಿ ಇನ್ನೂ ಬಿಗಿಯಾದ ಕಟ್ಟಳೆ ತಂದರು. ಸ್ವಿಟ್ಜರ್ಲೆಂಡಿನಲ್ಲಿ ೨೦೦೧ರ ಡಿಸೆಂಬರಿನಲ್ಲಿ ‘ಸಾಲದ ತಡೆ’ ಎಂಬ ನಿಯಮಕ್ಕೆ ನೂರಕ್ಕೆ ಸುಮಾರು ಎಂಬತ್ತೈದು ಮಂದಿ ಹೌದು ಎಂದರು.

ಇದನ್ನು ಓದಿದಾಗ “ನಮ್ಮಲ್ಲಿಯೂ ಹೀಗಿದ್ದರೆ!” ಎಂದು ಅನ್ನಿಸುವುದು ಸಹಜ. ಆದರೆ ಮುಂದಿನ ಕಥೆಯನ್ನೂ ಕೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಆಸ್ತಿ ತೆರಿಗೆಯ ಆದಾಯ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಆ ತೆರಿಗೆಯಿಂದ ನಡೆಯುತ್ತಿದ್ದ ಶಾಲೆಗಳಿಗೆ ಪೆಟ್ಟು ಬಿತ್ತು. ಹತ್ತು ವರ್ಷ ಕಳೆದ ಮೇಲೆ, ೧೯೮೮ರಲ್ಲಿ, ಅದೇ ಮತದಾರರು ಶಾಲೆಗಳಿಗೆ ಇಷ್ಟು ಪಾಲು ಕೊಡಲೇಬೇಕೆಂದು ಇನ್ನೊಂದು ಪ್ರಸ್ತಾವವನ್ನು ಒಪ್ಪಬೇಕಾಯಿತು. ಕೊಲೊರಾಡೊದವರೂ ೨೦೦೦ದಲ್ಲಿ ಶಾಲೆಗಳಿಗಾಗಿ ಬೇರೆ ದಾರಿ ಮಾಡಿದರು. ೨೦೦೫ರಲ್ಲಿ ತಾವೇ ಹಾಕಿದ ಕಟ್ಟನ್ನು ಐದು ವರ್ಷಗಳ ಕಾಲ ತಾವೇ ಸಡಿಲಿಸಿದರು. ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಮನೆ ಕೈಬದಲಾದಾಗ ಮಾತ್ರ ತೆರಿಗೆಗೆ ಹೊಸ ಬೆಲೆ ಕಟ್ಟುತ್ತಾರೆ. ಹೀಗಾಗಿ ಒಂದೇ ಬೀದಿಯಲ್ಲಿ, ಒಂದೇ ಅಳತೆಯ ಎರಡು ಮನೆಗಳಲ್ಲಿ ಹಳೆಯ ಮಾಲೀಕನ ತೆರಿಗೆ ಅತಿ ಕಡಿಮೆ, ಹೊಸದಾಗಿ ಬಂದ ಎಳೆಯ ದಂಪತಿಗಳ ತೆರಿಗೆ ಹಲವು ಪಟ್ಟು ಹೆಚ್ಚು. ಮಿತಿಗೆ ಮತ ಹಾಕಿದವರು ಒಳಗಿದ್ದವರು. ಭಾರ ಬಿದ್ದದ್ದು ಆಗ ಹೊರಗಿದ್ದವರ ಮೇಲೆ, ಇನ್ನೂ ಮತದ ವಯಸ್ಸಿಗೆ ಬಾರದವರ ಮೇಲೆ.

ನಮ್ಮ ದೇಶದ ಸಂವಿಧಾನದಲ್ಲಿ ಇಂಥ ನೇರ ಮತಕ್ಕೆ ಅವಕಾಶವಿಲ್ಲ. ಆಯವ್ಯಯವನ್ನು ಒಪ್ಪುವುದು ಶಾಸನಸಭೆ. ಆದರೆ ಶಾಸನಸಭೆಗಳೇ ತಮ್ಮ ಕೈಗೆ ತಾವು ಕಟ್ಟಳೆ ಹಾಕಿಕೊಂಡ ಉದಾಹರಣೆ ನಮ್ಮಲ್ಲಿದೆ. ಕರ್ನಾಟಕವು ೨೦೦೨ರಲ್ಲಿ ವಿತ್ತೀಯ ಹೊಣೆಗಾರಿಕೆಯ ಕಾಯಿದೆಯನ್ನು ತಂದಿತು. ರಾಜ್ಯಗಳಲ್ಲೆಲ್ಲ ಇದೇ ಮೊದಲನೆಯದು. ಮರುವರ್ಷ ೨೦೦೩ರಲ್ಲಿ ತಮಿಳುನಾಡೂ ಅಂಥದೇ ಕಾಯಿದೆ ಮಾಡಿತು. ಕೇಂದ್ರ ಸರ್ಕಾರವೂ ಅದೇ ವರ್ಷ ಮಾಡಿತು. ದಿನನಿತ್ಯದ ಖರ್ಚಿಗೆ ಸಾಲ ಮಾಡುವುದು ನಿಲ್ಲಬೇಕು, ಒಟ್ಟು ಕೊರತೆ ರಾಜ್ಯದ ಒಟ್ಟು ಉತ್ಪನ್ನದ ನೂರಕ್ಕೆ ಮೂರರೊಳಗೆ ಇರಬೇಕು ಎಂಬುದು ಇವುಗಳ ತಿರುಳು. ಕಾಯಿದೆ ಬಂತು, ಗಡುವು ಬಂತು, ಗಡುವಿಗೆ ತಿದ್ದುಪಡಿಯೂ ಬಂತು. ಕಷ್ಟದ ವರ್ಷಗಳಲ್ಲಿ ತಿದ್ದುವುದು ತಪ್ಪಲ್ಲ. ಕೊರೋನಾದ ವರ್ಷ ಯಾವ ಸರ್ಕಾರ ತಾನೇ ಕೈ ಕಟ್ಟಿ ಕುಳಿತಿರಲು ಸಾಧ್ಯವಿತ್ತು? ಆದರೆ ಸುಖದ ವರ್ಷಗಳಲ್ಲಿಯೂ ನೇಮ ಸಡಿಲವಾಗುತ್ತಿದ್ದರೆ ಅದು ಉಪವಾಸದ ದಿನವನ್ನು ದಿನವೂ ನಾಳೆಗೆ ಮುಂದೂಡಿದ ಹಾಗೆ.

ಕಟ್ಟಳೆ ಮೇಲಿನಿಂದ ಬಂದಾಗ ಏನಾಗುತ್ತದೆ ಎಂಬುದನ್ನೂ ನಮ್ಮ ಜಿಲ್ಲೆಗಳು ಕಂಡಿವೆ. ೨೦೦೩ರಲ್ಲಿ ಜಯಲಲಿತಾ ಅವರ ಸರ್ಕಾರ ಬೊಕ್ಕಸದ ಬಿಕ್ಕಟ್ಟನ್ನು ಹೇಳಿ ರೈತರ ಉಚಿತ ವಿದ್ಯುತ್ತನ್ನು ನಿಲ್ಲಿಸಿ ದರ ವಿಧಿಸಿತು. ಆ ವರ್ಷವೇ ಮುಷ್ಕರ ಹೂಡಿದ ಸರ್ಕಾರಿ ನೌಕರರನ್ನು ಲಕ್ಷದ ಲೆಕ್ಕದಲ್ಲಿ ಕೆಲಸದಿಂದ ತೆಗೆಯಿತು. ಲೆಕ್ಕಪುಸ್ತಕದ ಮಟ್ಟಿಗೆ ಇವು ಕೊರತೆ ತಗ್ಗಿಸುವ ಕ್ರಮಗಳೇ. ೨೦೦೪ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ೩೯ ಸ್ಥಾನಗಳಲ್ಲಿ ಒಂದೂ ಆ ಪಕ್ಷಕ್ಕೆ ದಕ್ಕಲಿಲ್ಲ. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಉಚಿತ ವಿದ್ಯುತ್ತು ಮರಳಿ ಬಂತು. ಅಂದಿನಿಂದ ಯಾವ ಪಕ್ಷವೂ ಆ ತಂತಿಯನ್ನು ಮುಟ್ಟುವ ಧೈರ್ಯ ಮಾಡಿಲ್ಲ. ಜನರ ಮನಸ್ಸು ಒಪ್ಪದ ಮಿತಿ ಒಂದು ಚುನಾವಣೆಯ ತನಕವೂ ಬಾಳುವುದಿಲ್ಲ ಎಂಬುದು ಇಲ್ಲಿ ಕಾಣುತ್ತದೆ. ಆದುದರಿಂದ ಪ್ರಶ್ನೆ ಮತ್ತೆ ನಮ್ಮ ಬಳಿಗೇ ಬರುತ್ತದೆ. ನಮ್ಮ ಮನಸ್ಸು ಎಂಥ ಮಿತಿಯನ್ನು ಒಪ್ಪಬೇಕು?

ಮೊದಲು ಸಾಲದ ವಿಚಾರ. ಸಾಲವೆಲ್ಲ ಕೆಟ್ಟದ್ದಲ್ಲ. ತಂದೆ ಸಾಲ ಮಾಡಿ ಬಾವಿ ತೋಡಿಸಿದರೆ ಮಗನಿಗೆ ಸಾಲವೂ ಬರುತ್ತದೆ, ಬಾವಿಯೂ ಬರುತ್ತದೆ. ಅದೇ ತಂದೆ ಸಾಲ ಮಾಡಿ ಊರಿಗೆಲ್ಲ ಮೂರು ದಿನ ಊಟ ಹಾಕಿ ಮದುವೆ ಮಾಡಿದರೆ ಮಗನಿಗೆ ಸಾಲ ಉಳಿಯುತ್ತದೆ, ಊಟದ ನೆನಪು ಊರಿಗೆ ಉಳಿಯುತ್ತದೆ. ಸರ್ಕಾರದ ಸಾಲವನ್ನೂ ಹೀಗೆಯೇ ವಿಂಗಡಿಸಿ ನೋಡಬೇಕು. ಪರಂಬಿಕುಳಂ–ಆಳಿಯಾರ್ ಯೋಜನೆ ಕಾಮರಾಜರ ಕಾಲದಲ್ಲಿ ಆರಂಭವಾಗಿ ೧೯೬೦ರ ದಶಕದಲ್ಲಿ ಬೆಳೆಯಿತು. ಬೆಟ್ಟದ ಪಶ್ಚಿಮಕ್ಕೆ ಹರಿದು ಹೋಗುತ್ತಿದ್ದ ನೀರನ್ನು ಅಣೆಕಟ್ಟುಗಳ ಸರಣಿಯಿಂದ ತಿರುಗಿಸಿ ಪೊಳ್ಳಾಚಿ, ಉಡುಮಲೈ, ಪಲ್ಲಡಂ ಸೀಮೆಗಳ ಲಕ್ಷಾಂತರ ಎಕರೆಗೆ ತಂದರು. ಅಂದು “ಹಣವಿಲ್ಲ, ಮಿತಿ ಮುಗಿಯಿತು” ಎಂದಿದ್ದರೆ ಇಂದಿನ ತೆಂಗಿನ ತೋಟಗಳು ಎಲ್ಲಿರುತ್ತಿದ್ದವು? ಇದಕ್ಕೆ ಎದುರಾಗಿ ಅತ್ತಿಕಡವು–ಅವಿನಾಶಿ ಯೋಜನೆಯನ್ನು ನೋಡಿರಿ. ಭವಾನಿಯ ಹೆಚ್ಚುವರಿ ನೀರನ್ನು ಕೆರೆಕುಂಟೆಗಳಿಗೆ ಏರಿಸಿ ತುಂಬಿಸಬೇಕೆಂದು ಅವಿನಾಶಿ ಸುತ್ತಿನ ಜನರು ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಕೇಳುತ್ತಲೇ ಬಂದರು. ೨೦೧೯ರಲ್ಲಿ ಅಡಿಗಲ್ಲು ಬಿದ್ದು, ೧,೯೧೬ ಕೋಟಿ ರೂಪಾಯಿಯ ಕೆಲಸ ಮುಗಿದು, ೨೦೨೪ರ ಆಗಸ್ಟ್ ೧೭ರಂದು ಉದ್ಘಾಟನೆಯಾಯಿತು. ಕೊಯಮತ್ತೂರು, ತಿರುಪ್ಪೂರು, ಈರೋಡು ಜಿಲ್ಲೆಗಳ ೧,೦೪೫ ಕೆರೆಕುಂಟೆಗಳು ಅದರ ವ್ಯಾಪ್ತಿಗೆ ಬಂದವು. ಅಷ್ಟರಲ್ಲಿ ಎರಡು ತಲೆಮಾರು ಕಳೆದಿತ್ತು. ಹಂಚಿಕೆಗೆ ವರ್ಷವೂ ಹಣ ಹುಟ್ಟಿದ ರಾಜ್ಯದಲ್ಲಿ ಕೆರೆಗೆ ಹಣ ಹುಟ್ಟಲು ಅರುವತ್ತು ವರ್ಷ ಬೇಕಾಯಿತು. ಕುರುಡು ಮಿತಿಯೊಂದು ಬಂದರೆ ಮೊದಲು ನಿಲ್ಲುವುದು ಇಂಥ ಕೆಲಸಗಳೇ. ಕೆರೆ ಮುಷ್ಕರ ಹೂಡುವುದಿಲ್ಲ, ಮತವನ್ನೂ ಹಾಕುವುದಿಲ್ಲ.

ಹಾಗೆಂದು ಕಟ್ಟಡ, ಕಾಲುವೆಗಳೇ ಆಸ್ತಿ, ಅನ್ನ ಆಸ್ತಿಯಲ್ಲ ಎನ್ನುವಂತಿಲ್ಲ. ೧೯೫೦ರ ದಶಕದಲ್ಲಿ ಕಾಮರಾಜರು ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡಿಸಿದರು. ೧೯೮೨ರಲ್ಲಿ ಎಂ.ಜಿ.ಆರ್. ಅದನ್ನು ಹಿಗ್ಗಿಸಿದಾಗ ಹಣದ ದುಂದು ಎಂದು ಟೀಕಿಸಿದವರು ಬಹಳ ಮಂದಿ. ಇಂದು ದೇಶವೇ ಆ ಪದ್ಧತಿಯನ್ನು ಅನುಸರಿಸುತ್ತಿದೆ. ೨೦೨೨ರಲ್ಲಿ ಬೆಳಗಿನ ಉಪಾಹಾರವೂ ಸೇರಿತು. ಹಸಿದು ಬಂದ ಮಗು ಅಕ್ಷರ ಕಲಿತು ಕಾರ್ಖಾನೆಯ ಮೇಸ್ತ್ರಿಯಾದರೆ, ದಾದಿಯಾದರೆ, ಆ ಅನ್ನ ಆಸ್ತಿಯಾಯಿತು. ದಾಸೋಹವೆಂಬ ಮಾತನ್ನು ನಂಬಿದ ನಮಗೆ ಉಣಿಸುವುದು ದುಂದು ಎಂದು ಹೇಳಲು ಬಾಯಿ ಬರಬಾರದು. ಆದರೆ ದಾಸೋಹದ ಇನ್ನೊಂದು ಮುಖವನ್ನೂ ಮರೆಯಬಾರದು. ಅದು ಕಾಯಕದಿಂದ ಬಂದದ್ದನ್ನು ಕೊಡುವುದು. ಗಳಿಸದೆ ಕೊಡುವುದು, ಮೊಮ್ಮಗನ ಹೆಸರಿನಲ್ಲಿ ಕಡ ತಂದು ಕೊಡುವುದು, ಕೊಟ್ಟದ್ದಕ್ಕೆ ತನ್ನ ಚಿತ್ರವನ್ನು ಅಂಟಿಸುವುದು, ಇವು ದಾಸೋಹವಾಗಲಾರವು. “ಅತ್ತೆಯ ಒಡವೆ ಅಳಿಯ ದಾನ ಮಾಡಿದ” ಎಂಬ ಗಾದೆ ಇಂಥ ದಾನವನ್ನು ಕಂಡೇ ಹುಟ್ಟಿರಬೇಕು. ೨೦೦೬ರಲ್ಲಿ ಬಣ್ಣದ ಟಿ.ವಿ., ೨೦೧೧ರಲ್ಲಿ ಮಿಕ್ಸಿ, ಗ್ರೈಂಡರ್, ಫ್ಯಾನುಗಳ ಭರವಸೆಯ ಮೇಲೆ ಚುನಾವಣೆ ನಡೆದಾಗ ಅದರ ವಿರುದ್ಧ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ೨೦೧೩ರ ಜುಲೈ ೫ರ ತೀರ್ಪಿನಲ್ಲಿ ನ್ಯಾಯಾಲಯವು ಇಂಥ ಭರವಸೆಗಳು ಕಾನೂನಿನ ಅರ್ಥದಲ್ಲಿ ಚುನಾವಣಾ ಭ್ರಷ್ಟಾಚಾರವಲ್ಲ ಎಂದಿತು. ಆದರೂ ಅವು ನ್ಯಾಯಸಮ್ಮತ ಚುನಾವಣೆಯ ಬುಡವನ್ನು ಅಲುಗಿಸುತ್ತವೆ ಎಂದು ಎಚ್ಚರಿಸಿ, ನಿಯಮ ರೂಪಿಸುವಂತೆ ಚುನಾವಣಾ ಆಯೋಗಕ್ಕೆ ಹೇಳಿತು.

ಈಗ ಮಿತಿಯ ಮಾತನ್ನು ಆಡುವವರ ಮನಸ್ಸನ್ನು ಸ್ವಲ್ಪ ಶೋಧಿಸೋಣ. “ಖರ್ಚು ತಗ್ಗಿಸಿ” ಎಂದು ಯಾರನ್ನೇ ಕೇಳಿದರೂ ಬೆರಳು ತೋರಿಸುವುದು ಪಕ್ಕದವರ ತಟ್ಟೆಯನ್ನು. ನೌಕರನು ರೈತನ ಸಾಲಮನ್ನಾವನ್ನು ತೋರಿಸುತ್ತಾನೆ. ರೈತನು ನೌಕರನ ಪಿಂಚಣಿಯನ್ನು ತೋರಿಸುತ್ತಾನೆ. ವ್ಯಾಪಾರಿಯು ಇಬ್ಬರನ್ನೂ ತೋರಿಸುತ್ತಾನೆ. ಎಲ್ಲರೂ ಸೇರಿ, ೨೦೨೩ರ ಸೆಪ್ಟೆಂಬರಿನಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಪಡೆಯತೊಡಗಿದ ಒಂದು ಕೋಟಿಗೂ ಹೆಚ್ಚು ಹೆಣ್ಣುಮಕ್ಕಳನ್ನು ತೋರಿಸುತ್ತಾರೆ. ಗಡಿಯಾಚೆ ಕರ್ನಾಟಕದಲ್ಲಿರುವ ನಮ್ಮ ನೆಂಟರು ಅದೇ ೨೦೨೩ರಲ್ಲಿ ಬಂದ ಎರಡು ಸಾವಿರ ರೂಪಾಯಿಯ ಗೃಹಲಕ್ಷ್ಮಿಯ ಬಗ್ಗೆ ಇದೇ ಮಾತನ್ನು ಆಡಿದ್ದನ್ನು ಕೇಳಿದ್ದೇವೆ.

ಒಂದು ಸಣ್ಣ ಲೆಕ್ಕ ಹಾಕೋಣ. ಐದು ಎಚ್.ಪಿ.ಯ ಒಂದು ಮೋಟಾರು ಗಂಟೆಗೆ ಸುಮಾರು ಮೂರು ಮುಕ್ಕಾಲು ಯೂನಿಟ್ ಕರೆಂಟು ಎಳೆಯುತ್ತದೆ. ದಿನಕ್ಕೆ ಆರು ಗಂಟೆಯಂತೆ ವರ್ಷದಲ್ಲಿ ಇನ್ನೂರು ದಿನ ಓಡಿಸಿದರೆ ಸುಮಾರು ೪,೫೦೦ ಯೂನಿಟ್ ಆಗುತ್ತದೆ. ಯೂನಿಟ್ಟಿಗೆ ಐದು ರೂಪಾಯಿ ಎಂದು ಹಿಡಿದರೂ ಅದರ ಬೆಲೆ ೨೨,೫೦೦ ರೂಪಾಯಿ. ಸಾವಿರದಂತೆ ತಿಂಗಳ ಹಣ ಪಡೆಯುವ ಕೂಲಿಯ ಹೆಣ್ಣುಮಗಳಿಗೆ ವರ್ಷಕ್ಕೆ ಸಿಗುವುದು ೧೨,೦೦೦. ನಮ್ಮ ತೋಟದಲ್ಲಿ ಕಳೆ ಕೀಳುವ ಆಕೆಯದು ಇಲವಸಂ, ನಮ್ಮದು ಹಕ್ಕು ಎಂದು ಹೇಳುವ ಮೊದಲು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಬೇಕು.

ಇದನ್ನು ಕೇಳಿ ನಮ್ಮ ರೈತ ಬಾಂಧವರು ನೊಂದುಕೊಳ್ಳಬಾರದು. ಉಚಿತ ವಿದ್ಯುತ್ತು ಯಾರೋ ಕರುಣೆಯಿಂದ ಎಸೆದ ಭಿಕ್ಷೆಯಲ್ಲ ಎಂಬುದು ನಮಗೆ ಗೊತ್ತು. ೧೯೭೦ರಲ್ಲಿ ಕರೆಂಟಿನ ದರ ಏರಿಸಿದ್ದನ್ನು ವಿರೋಧಿಸಿ ಕೊಯಮತ್ತೂರು ಸೀಮೆಯ ರೈತರು ಎದ್ದುನಿಂತಾಗ ಪೆರುಮಾನಲ್ಲೂರಿನಲ್ಲಿ ಗೋಲಿಬಾರಿಗೆ ಮೂವರು ಬಲಿಯಾದರು. ವೈಯಂಪಾಳೆಯದ ನಾರಾಯಣಸ್ವಾಮಿ ನಾಯ್ಡು ಅವರ ಮುಂದಾಳುತನದಲ್ಲಿ ೧೯೭೨ರಲ್ಲಿ ಎತ್ತಿನ ಗಾಡಿಗಳು ಕೊಯಮತ್ತೂರು ನಗರದ ಬೀದಿಗಳನ್ನು ತುಂಬಿದವು. ೧೯೮೪ರಲ್ಲಿ ಸಣ್ಣ ರೈತರಿಗೆ, ೧೯೯೦ರಲ್ಲಿ ಎಲ್ಲ ರೈತರಿಗೆ ವಿದ್ಯುತ್ತು ಉಚಿತವಾಯಿತು. ಬೆಳೆದವನಿಗೆ ಬೆಲೆ ಕಟ್ಟುವ ಅಧಿಕಾರವಿಲ್ಲ, ಬೆಲೆ ಬಿದ್ದ ವರ್ಷ ಯಾರೂ ಕೈ ಹಿಡಿಯುವುದಿಲ್ಲ, ನಗರದವರಿಗೆ ಅಗ್ಗದಲ್ಲಿ ಊಟ ಸಿಗಲೆಂದು ನಮ್ಮ ಬೆಲೆಯನ್ನು ತಡೆಹಿಡಿಯುತ್ತಾರೆ. ಹೀಗಿರುವಾಗ ಕರೆಂಟಾದರೂ ಉಚಿತವಾಗಿರಲಿ ಎಂಬ ವಾದದಲ್ಲಿ ನ್ಯಾಯವಿದೆ. ಆದರೆ ಆ ನ್ಯಾಯ ನಮಗೆ ಇದ್ದಂತೆ ಕೂಲಿಯ ಹೆಣ್ಣುಮಗಳಿಗೂ ಇದೆ. ಆಕೆಯ ದುಡಿಮೆಗೂ ಬೆಲೆ ಕಟ್ಟುವವರು ಬೇರೆಯವರೇ ಅಲ್ಲವೇ?

ಹಾಗಾದರೆ ಎಲ್ಲರದೂ ನ್ಯಾಯವೇ ಎಂದು ಎಲ್ಲರಿಗೂ ಕೊಡುತ್ತಾ ಹೋಗಬೇಕೇ? ಇಲ್ಲ. ಮಿತಿ ಬೇಕೇ ಬೇಕು. ಮಿತಿಯ ಒಳ್ಳೆಯ ಪಾಠವೊಂದು ನಮ್ಮ ಕಣ್ಣೆದುರಿನಲ್ಲಿಯೇ ಇದೆ. ಪರಂಬಿಕುಳಂ–ಆಳಿಯಾರ್ ಯೋಜನೆಯ ಆಯಕಟ್ಟನ್ನು ನಾಲ್ಕು ಮಂಡಲಗಳಾಗಿ ವಿಂಗಡಿಸಿ ಸರದಿಯ ಮೇಲೆ ನೀರು ಬಿಡುತ್ತಾರೆ. ಒಂದು ಮಂಡಲಕ್ಕೆ ನೀರು ಬರುವಾಗ ಉಳಿದ ಮಂಡಲಗಳವರು ಕಾಯುತ್ತಾರೆ. ಜಗಳಗಳಿವೆ, ಕದ್ದು ಎಳೆಯುವವರಿದ್ದಾರೆ. ಆದರೂ ಆ ಸರದಿ ದಶಕಗಳಿಂದ ನಡೆದು ಬಂದಿದೆ. ಏಕೆ? ನೀರು ಎಷ್ಟಿದೆ ಎಂಬ ಅಳತೆ ಎಲ್ಲರಿಗೂ ತಿಳಿದಿದೆ. ಸರದಿ ದೊಡ್ಡ ರೈತನಿಗೂ ಚಿಕ್ಕ ರೈತನಿಗೂ ಒಂದೇ. ನಾನು ಕಾದದ್ದರಿಂದ ಯಾರಿಗೆ ನೀರು ಹೋಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಅಳತೆ, ಸಮತೆ, ಕಾಣುವ ಫಲ ಈ ಮೂರೂ ಇದ್ದಾಗ ಜನರು ಮಿತಿಯನ್ನು ಒಪ್ಪುತ್ತಾರೆ. ಅದೇ ಸೀಮೆಯಲ್ಲಿ ಕೊಳವೆಬಾವಿಯ ಕಥೆ ಬೇರೆ. ಅಲ್ಲಿ ಅಳತೆಯಿಲ್ಲ, ಸರದಿಯಿಲ್ಲ. ಸಾವಿರ ಅಡಿ ತೋಡಿಸುವ ಶಕ್ತಿ ಇದ್ದವನಿಗೆ ನೀರು, ಇಲ್ಲದವನಿಗೆ ಒಣಗಿದ ಬಾವಿ. ಕರೆಂಟು ಎಲ್ಲರಿಗೂ ಉಚಿತವೇ. ಆದರೆ ಬಾವಿ ಬತ್ತಿದವನಿಗೆ ಆ ಉಚಿತದಿಂದ ಬಂದ ಫಲವೇನು? ಮಿತಿಯಿಲ್ಲದ ಕಡೆ ಬಲವಿದ್ದವನೇ ಮೊದಲು ಉಣ್ಣುತ್ತಾನೆ.

ಇದೇ ಮಾತು ಬೊಕ್ಕಸಕ್ಕೂ ಸಲ್ಲುತ್ತದೆ. ರಾಜ್ಯದಲ್ಲಿ ೨೩ ಲಕ್ಷದಷ್ಟು ಕೃಷಿ ಸಂಪರ್ಕಗಳಿವೆ, ಬಹುಪಾಲಿಗೆ ಮೀಟರಿಲ್ಲ. ಮೀಟರು ಬಂದರೆ ಹಿಂದೆಯೇ ಬಿಲ್ಲೂ ಬರುತ್ತದೆ ಎಂಬ ಅಂಜಿಕೆ ರೈತರಿಗಿದೆ. ೨೦೦೩ರ ಅನುಭವವಿರುವಾಗ ಆ ಅಂಜಿಕೆಯನ್ನು ತಪ್ಪೆನ್ನಲಾಗದು. ಆದರೆ ಎಣಿಕೆಯಿಲ್ಲದೆ ನಮ್ಮ ನ್ಯಾಯವನ್ನು ನಾವೇ ಹೇಗೆ ರುಜುವಾತು ಮಾಡುವುದು? ವಿದ್ಯುತ್ ಮಂಡಳಿಯ ನಷ್ಟ ಒಂದು ಲಕ್ಷ ಕೋಟಿ ರೂಪಾಯಿಯನ್ನು ಮೀರಿತು ಎಂದಾಗ ಬೆರಳು ರೈತನ ಕಡೆ ತಿರುಗುತ್ತದೆ. ಅದರಲ್ಲಿ ರೈತನ ಪಾಲೆಷ್ಟು, ದುರಾಡಳಿತದ ಪಾಲೆಷ್ಟು, ಕಳವಿನ ಪಾಲೆಷ್ಟು ಎಂದು ಬಿಡಿಸಿ ಹೇಳಲು ನಮ್ಮ ಕೈಯಲ್ಲಿ ಅಂಕಿಗಳಿಲ್ಲ. ಹಣ ಕೊಡುವುದು ಬೇರೆ, ಎಣಿಸುವುದು ಬೇರೆ. ಉಚಿತವೆಂದು ಕಾನೂನಿನಲ್ಲಿ ಬರೆದಿಟ್ಟು ಎಣಿಸಲಿ ಎಂದು ಕೇಳುವುದರಲ್ಲಿ ನಮಗೆ ನಷ್ಟವಿಲ್ಲ. ಎಣಿಸಲು ಒಪ್ಪಿದವನಿಗೆ ಇತರರ ಲೆಕ್ಕ ಕೇಳುವ ಹಕ್ಕು ಬರುತ್ತದೆ.

ವ್ಯಾಪಾರಿ ಬಾಂಧವರಿಗೂ ಒಂದು ಮಾತು. “ತೆರಿಗೆ ಕೊಡುವವರು ನಾವು, ಹಂಚುವವರು ಅವರು” ಎಂಬ ಮಾತು ಅಂಗಡಿಗಳಲ್ಲಿ ಸಾಮಾನ್ಯ. ಆದರೆ ಜಿ.ಎಸ್.ಟಿ.ಯನ್ನು ನಾವು ಕಟ್ಟುತ್ತೇವೆಯೇ ಹೊರತು ಅದರ ಭಾರ ಹೊರುವವನು ಕೊಳ್ಳುವವನು. ಪಲ್ಲಡಂ, ಸೋಮನೂರುಗಳಲ್ಲಿ ಮಗ್ಗ ಓಡಿಸುವವನು, ತಿರುಪ್ಪೂರಿನ ಬನಿಯನ್ ಕಂಪೆನಿಯಲ್ಲಿ ಹೊಲಿಯಲು ಒಡಿಶಾದಿಂದ, ಬಿಹಾರದಿಂದ ಬಂದವನು ಕೂಡ ಸೋಪು ಕೊಂಡಾಗ, ಚಪ್ಪಲಿ ಕೊಂಡಾಗ ತೆರಿಗೆ ಕೊಡುತ್ತಾನೆ. ಹೊರಗಿನಿಂದ ಬಂದವರಲ್ಲಿ ಬಹುಪಾಲಿನವರ ಮತ ಇಲ್ಲಿಲ್ಲ. ಮತ ಹಾಕಿ ಖರ್ಚಿಗೆ ಮಿತಿ ಹಾಕುವ ದಿನ ಬಂದರೂ ಅವರ ಬಾಯಿ ಇಲ್ಲಿ ಕೇಳಿಸುವುದಿಲ್ಲ. ಅವರ ಪರವಾಗಿ ಯೋಚಿಸುವುದು ಮತವುಳ್ಳ ನಮ್ಮ ಹೊಣೆ. ಬಿಲ್ಲಿಲ್ಲದೆ ಮಾರಿದ ಸರಕಿನ ತೆರಿಗೆ ಹೀಗೆ ಇಂಥವರಿಂದ ಪಡೆದು ಬೊಕ್ಕಸಕ್ಕೆ ಮುಟ್ಟಿಸದ ಹಣವಾದರೆ, ಅದನ್ನು ಇಟ್ಟುಕೊಂಡು ಮಿತವ್ಯಯದ ಉಪದೇಶ ಮಾಡುವುದು ಸಲ್ಲದು. ಮಗ್ಗದವರಿಗೆ ಎರಡು ತಿಂಗಳಿಗೊಮ್ಮೆ ಸಿಗುವ ಉಚಿತ ಯೂನಿಟ್ಟುಗಳನ್ನು ೨೦೨೩ರಲ್ಲಿ ೭೫೦ರಿಂದ ೧,೦೦೦ಕ್ಕೆ ಏರಿಸಿದರು. ಅದೂ ಸರ್ಕಾರದ ಖರ್ಚೇ ಎಂಬುದು ನೆನಪಿರಲಿ.

ಹಾಸಿಗೆಯ ಉದ್ದವನ್ನಷ್ಟೇ ಅಲ್ಲ, ಅದು ಯಾವ ನೂಲಿನಿಂದ ನೇಯ್ದದ್ದು ಎಂಬುದನ್ನೂ ಕೇಳಬೇಕು. ತಮಿಳುನಾಡಿನಲ್ಲಿ ಮದ್ಯದ ಚಿಲ್ಲರೆ ಮಾರಾಟವನ್ನು ೨೦೦೩ರಲ್ಲಿ ಸರ್ಕಾರದ ಟಾಸ್ಮಾಕ್ ಸಂಸ್ಥೆಯೇ ಕೈಗೆ ತೆಗೆದುಕೊಂಡಿತು. ೨೦೨೩-೨೪ರಲ್ಲಿ ಅದರಿಂದ ರಾಜ್ಯಕ್ಕೆ ಬಂದ ತೆರಿಗೆ ೪೫,೦೦೦ ಕೋಟಿ ರೂಪಾಯಿಗೂ ಹೆಚ್ಚು. ಗಂಡ ಸಂಜೆ ಟಾಸ್ಮಾಕಿನಲ್ಲಿ ಕೊಟ್ಟದ್ದರಲ್ಲಿ ಒಂದು ಪಾಲು ತಿಂಗಳ ಮಧ್ಯದಲ್ಲಿ ಹೆಂಡತಿಯ ಬ್ಯಾಂಕಿನ ಖಾತೆಗೆ ಬರುತ್ತದೆ. ಕೊರತೆಯ ಲೆಕ್ಕದಲ್ಲಿ ಇದು ಸರಿಯಾಗಿಯೇ ಕಾಣುತ್ತದೆ. ಮನೆಯ ಲೆಕ್ಕದಲ್ಲಿ ಕಾಣುವುದಿಲ್ಲ. ಖರ್ಚಿನ ಮಿತಿಯೆಂಬುದು ಎಷ್ಟು ಎಂದು ಮಾತ್ರ ಕೇಳುತ್ತದೆ, ಎಲ್ಲಿಂದ ಎಂದು ಕೇಳುವುದಿಲ್ಲ. ಆದುದರಿಂದ ಮಿತಿಯೊಂದೇ ನೀತಿಯಲ್ಲ. ಕುಡಿತದ ಹಣವಿಲ್ಲದೆ ರಾಜ್ಯ ನಡೆಯಬೇಕೆಂದು ಬಯಸುವವರು ಆ ಹಣಕ್ಕೆ ಬದಲಾಗಿ ತಾವು ಏನನ್ನು ಬಿಡಲು, ಏನನ್ನು ಕೊಡಲು ಸಿದ್ಧರಿದ್ದೇವೆ ಎಂದು ಹೇಳಬೇಕಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ನಮಗೆ ತೋರುವುದು ಇದು. ಸರ್ಕಾರದ ಖರ್ಚಿಗೆ ಮಿತಿ ಎಂಬುದು ಒಂದು ನೇಮ, ಒಂದು ವ್ರತ. ನೇಮವನ್ನು ತನಗೆ ತಾನು ಹಾಕಿಕೊಂಡರೆ ಅದು ಧರ್ಮ. ತಾನು ಉಂಡು ಪಕ್ಕದವನಿಗೆ ಉಪವಾಸ ವಿಧಿಸಿದರೆ ಅದು ಧರ್ಮವಲ್ಲ. ಅಮೆರಿಕದವರು ಮತ ಹಾಕಿದರು, ನಮ್ಮವರು ಕಾಯಿದೆ ಮಾಡಿದರು; ಎರಡು ಕಡೆಯೂ ಮಿತಿ ಸೋತದ್ದು ಯಾರ ಪಾಲಿನಿಂದ ಶುರು ಮಾಡಬೇಕು ಎಂಬಲ್ಲಿಯೇ. ಶುರುವಾಗಬೇಕಾದದ್ದು ಕೇಳುವವನ ಪಾಲಿನಿಂದ.

ಇದಕ್ಕೆ ಚೆನ್ನೈಯ ಕಡೆ ನೋಡುತ್ತಾ ಕೂರಬೇಕಾಗಿಲ್ಲ. ರಾಜ್ಯದ ಖರ್ಚಿನ ಮೇಲೆ ನೇರ ಮತ ನಮಗಿಲ್ಲದಿದ್ದರೂ ಊರಿನ ಖರ್ಚಿನ ಮೇಲೆ ನೇರ ಮಾತು ನಮಗಿದೆ. ೧೯೯೪ರ ತಮಿಳುನಾಡು ಪಂಚಾಯತಿ ಕಾಯಿದೆಯಂತೆ ಊರಿನ ಮತದಾರರೆಲ್ಲರೂ ಗ್ರಾಮಸಭೆಯ ಸದಸ್ಯರು. ಪಂಚಾಯತಿಯ ಯೋಜನೆ, ಆಯವ್ಯಯ, ಲೆಕ್ಕಪರಿಶೋಧನೆಯ ವರದಿ ಅಲ್ಲಿ ಮಂಡನೆಯಾಗಬೇಕು. ಜನವರಿ ೨೬, ಮೇ ೧, ಆಗಸ್ಟ್ ೧೫, ಅಕ್ಟೋಬರ್ ೨ ಬಹುಕಾಲದಿಂದ ಅದರ ದಿನಗಳು; ೨೦೨೨ರಲ್ಲಿ ಮಾರ್ಚ್ ೨೨ ಮತ್ತು ನವೆಂಬರ್ ೧ ಕೂಡ ಸೇರಿದವು. ಅಂದು ಬರುವವರು ಹೆಚ್ಚಾಗಿ ನೂರು ದಿನದ ಕೆಲಸದ ಹೆಂಗಸರು. ತೋಟದವರು, ಅಂಗಡಿಯವರು ಬರುವುದು ಅಪರೂಪ. ಲೆಕ್ಕ ಓದಬಲ್ಲವರು ಬಾರದ ಸಭೆಯಲ್ಲಿ ಲೆಕ್ಕ ಓದಿಸುವವರು ಯಾರು? ಬೀದಿದೀಪಕ್ಕೆ ಎಷ್ಟು, ಕುಡಿಯುವ ನೀರಿಗೆ ಎಷ್ಟು, ಯಾವ ಕೆಲಸಕ್ಕೆ ಎರಡು ಸಲ ಬಿಲ್ಲಾಗಿದೆ ಎಂದು ಕೇಳುವುದಕ್ಕೆ ಸಹಿ ಸಂಗ್ರಹವೂ ಬೇಡ, ಹೊಸ ಕಾನೂನೂ ಬೇಡ. ಎದ್ದು ನಿಂತು ಕೇಳಿದರೆ ಸಾಕು. ಭಾಷೆಯ ಸಂಕೋಚ ಬೇಡ. ವ್ಯಾಪಾರದಲ್ಲಿ ಆಡುವ ತಮಿಳು ಸಭೆಯಲ್ಲಿ ಆಡಲು ಸಾಲುತ್ತದೆ.

ಆದುದರಿಂದ ಭಕ್ತ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಖರ್ಚಿಗೆ ಲಗಾಮು ಬೇಕೆಂದು ಹೇಳಿರಿ, ಹೇಳುವುದು ಸರಿಯೇ. ಹೇಳುವ ಮೊದಲು ಸರ್ಕಾರದಿಂದ ನಮ್ಮ ಮನೆಗೆ ವರ್ಷಕ್ಕೆ ಏನೇನು ಬರುತ್ತದೆ, ನಮ್ಮಿಂದ ಏನೇನು ಹೋಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕರೆಂಟು, ಗೊಬ್ಬರ, ಸಾಲದ ಬಡ್ಡಿ, ಮಕ್ಕಳ ಶಾಲೆ, ಬಸ್ಸು ಎಲ್ಲವನ್ನೂ ಬರೆಯಿರಿ. ಅದರಲ್ಲಿ ನಾವಿಲ್ಲದೆ ಬಾಳಬಹುದಾದದ್ದು ಒಂದಾದರೂ ಇದೆಯೇ ನೋಡಿರಿ. ಇದ್ದರೆ ಮಿತಿಯನ್ನು ಅಲ್ಲಿಂದ ಶುರು ಮಾಡೋಣ. ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮುಂದಿನ ಗ್ರಾಮಸಭೆಗೆ ಹೋಗಿ ಪಂಚಾಯತಿಯ ಲೆಕ್ಕವನ್ನು ಕೇಳೋಣ. ತನ್ನ ಲೆಕ್ಕವನ್ನು ಬರೆದವನ ಪ್ರಶ್ನೆಗೆ ಯಾರೂ ಸುಲಭದಲ್ಲಿ ಎದುರಾಡಲಾರರು.